ಹೆಸರು ಅಳಿಸಿದ ಮಾತ್ರಕ್ಕೆ ಗುರುತು ಹೋಗುತ್ತದೆಯೇ?

ಎರಡು ತಿಂಗಳ ಹಿಂದೆ ಇದೇ ಅಂಕಣದಲ್ಲಿ ಒಂದು ಸಾಲು ಬರೆದಿದ್ದೆ. ಆಸ್ಪತ್ರೆಗಳಲ್ಲಿ ಕೇಸ್ ಶೀಟ್ ಜಾಗಕ್ಕೆ ಕಂಪ್ಯೂಟರ್ ಬಂದಿದೆ, ಅದರೊಳಗಿನ ಮಾಹಿತಿಯನ್ನು ಸಂಶೋಧನೆಗೂ ಬಳಸುತ್ತಾರೆ ಅಂತ. ಅಷ್ಟೇ. ಆ ಒಂದು ಸಾಲಿಗೆ ಬಂದಷ್ಟು ಪತ್ರ ನಾನು ಸಕ್ಕರೆ ಕಾಯಿಲೆ ಬಗ್ಗೆ ಬರೆದ ಆರು ಕಂತಿಗೂ ಬಂದಿರಲಿಲ್ಲ. ಹಾಗಾಗಿ ಈ ಸಲ ಬಿಪಿ, ಮಂಡಿನೋವು, ಗ್ಯಾಸ್ಟ್ರಿಕ್ ಎಲ್ಲಕ್ಕೂ ರಜೆ. ಉತ್ತರ ಕೊಡಲು ನನಗಿರುವ ಅರ್ಹತೆ ಇಷ್ಟು: ಮೂವತ್ತು ವರ್ಷ ರೋಗಿಗಳನ್ನು ನೋಡಿದ್ದೇನೆ, ಕೊನೆಯ ಏಳು ವರ್ಷ ಒಂದು ಆಸ್ಪತ್ರೆಯ ಎಥಿಕ್ಸ್ ಕಮಿಟಿಯಲ್ಲಿ (ಸಂಶೋಧನೆಯಿಂದ ರೋಗಿಗೆ ಅನ್ಯಾಯ ಆಗದಂತೆ ನೋಡುವ ಸಮಿತಿ) ಕೂತು ಬೇರೆಯವರ ಸಂಶೋಧನಾ ಅರ್ಜಿ ಓದಿದ್ದೇನೆ. ನಾನು ವಕೀಲನಲ್ಲ, ಅದೊಂದು ನೆನಪಿರಲಿ.

ಪ್ರಶ್ನೆ: ಅಮ್ಮನನ್ನು ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಸೇರಿಸಿದ್ದೆವು. ಎರಡನೇ ದಿನ ಒಬ್ಬ ಹುಡುಗ ಡಾಕ್ಟರು ಬಂದು ನಾಲ್ಕು ಪುಟದ ಇಂಗ್ಲಿಷ್ ಫಾರಂ ಕೊಟ್ಟು ‘ಅಮ್ಮನ ರೆಕಾರ್ಡ್ ರಿಸರ್ಚ್‌ಗೆ ಬೇಕು, ಇಲ್ಲೊಂದು ಸಹಿ ಹಾಕಿ ಅಕ್ಕಾ’ ಅಂದರು. ಹಾಕಿದೆ. ಹಾಕದಿದ್ದರೆ ಸರಿಯಾಗಿ ನೋಡಿಕೊಳ್ಳಲ್ಲವೇನೋ ಅಂತ ಭಯ. ತಪ್ಪು ಮಾಡಿದೆನಾ? (ಹಾಸನದ ಓದುಗರು)

ಉತ್ತರ: ತಪ್ಪು ನಿಮ್ಮದಲ್ಲ. ಸಹಿ ಕೇಳಿದ ರೀತಿ ತಪ್ಪು. ಅಮ್ಮನಿಗೆ ಪ್ರಜ್ಞೆ ಇದ್ದು, ಹೇಳಿದ್ದು ಅರ್ಥವಾಗುವ ಸ್ಥಿತಿ ಇದ್ದಿದ್ದರೆ ಸಹಿ ಅವರದೇ ಬೇಕಿತ್ತು. ಓದು ಬರದವರಾದರೆ ಹೆಬ್ಬೆಟ್ಟು, ಜೊತೆಗೆ ಆ ಸಂಶೋಧನೆಗೆ ಸಂಬಂಧವಿಲ್ಲದ ಒಬ್ಬ ಸಾಕ್ಷಿ. ಫಾರಂ ಕನ್ನಡದಲ್ಲಿ ಇರಬೇಕಿತ್ತು. ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2017ರಲ್ಲಿ ಹೊರಡಿಸಿದ ನೈತಿಕ ಮಾರ್ಗಸೂಚಿಯಲ್ಲಿ ಇದೆಲ್ಲ ಇದೆ. ರೋಗಿಗೆ ಗೊತ್ತಿರುವ ಭಾಷೆಯಲ್ಲಿ ಹೇಳಬೇಕು, ಯೋಚನೆ ಮಾಡಲು ಸಮಯ ಕೊಡಬೇಕು, ಬೇಡ ಅಂದರೂ ಚಿಕಿತ್ಸೆಯಲ್ಲಿ ಏನೂ ಕಮ್ಮಿ ಆಗಲ್ಲ ಅಂತ ತಿಳಿಸಬೇಕು.

ಕನ್ನಡ ಫಾರಂ ಇದ್ದರೂ ಕಥೆ ಮುಗಿಯಲಿಲ್ಲ ಅನ್ನಿ. ನಮ್ಮ ಕಮಿಟಿಗೆ ಬರುತ್ತಿದ್ದ ಫಾರಂಗಳಲ್ಲಿ ‘ಸದರಿ ಅಧ್ಯಯನದಲ್ಲಿ ಭಾಗವಹಿಸುವಿಕೆಯು ಸ್ವಯಂಪ್ರೇರಿತವಾಗಿರತಕ್ಕದ್ದು’ ಅಂತೆಲ್ಲ ಇರುತ್ತಿತ್ತು. ಕಮಿಟಿಯಲ್ಲಿ ವೈದ್ಯರಲ್ಲದ, ಸಾಮಾನ್ಯ ಜನರ ಪರವಾಗಿ ಕೂರುವ ಒಬ್ಬರು ಇರಬೇಕು ಅಂತ ನಿಯಮ. ನಮ್ಮಲ್ಲಿ ನಿವೃತ್ತ ಮೇಷ್ಟ್ರು ಒಬ್ಬರಿದ್ದರು. ಆ ಸಾಲು ಓದಿ, ‘ಇದನ್ನ ಮನೆಯಲ್ಲಿ ನನ್ನ ತಂಗಿಗೆ ಓದಿದೆ, ಅವಳು ಕೋರ್ಟ್ ನೋಟಿಸ್ ಅಂದುಕೊಂಡಳು’ ಅಂದರು. ಅರ್ಜಿ ವಾಪಸ್ ಹೋಯಿತು.

ಈಗೇನು ಮಾಡಬಹುದು ಅಂದರೆ, ಆ ಫಾರಂನ ಒಂದು ಪ್ರತಿ ಕೇಳಿ ಪಡೆಯಿರಿ. ಅದರ ಕೊನೆಯಲ್ಲಿ ಸಂಶೋಧಕರ ಮತ್ತು ಎಥಿಕ್ಸ್ ಕಮಿಟಿಯ ಫೋನ್ ನಂಬರ್ ಇರಬೇಕು. ಅಮ್ಮನಿಗೆ ಇಷ್ಟವಿಲ್ಲದಿದ್ದರೆ ಹಿಂದೆ ಸರಿಯಬಹುದು, ಕಾರಣ ಕೊಡಬೇಕಾಗಿಲ್ಲ. ಇಷ್ಟವಿದ್ದರೆ ಬಿಡಿ, ಅದೂ ಒಳ್ಳೆಯದೇ.

ಪ್ರಶ್ನೆ: ಹೆಸರು, ಫೋನ್ ನಂಬರ್, ವಿಳಾಸ ತೆಗೆದುಬಿಟ್ಟರೆ ಉಳಿಯುವುದು ಬರೀ ಅಂಕಿ. ಅಂಕಿಗೆ ಎಂಥ ಮಾನ, ಎಂಥ ಮರ್ಯಾದೆ? ನಾನು ಬ್ಯಾಂಕಿನಲ್ಲಿ 34 ವರ್ಷ ಅಂಕಿಗಳ ಜೊತೆಯೇ ಬದುಕಿದವನು. ಸುಮ್ನೆ ಜನರನ್ನು ಹೆದರಿಸಬೇಡಿ. (ತುಮಕೂರಿನ ನಿವೃತ್ತ ಅಧಿಕಾರಿ)

ಉತ್ತರ: ಸಾರ್, ನಿಮಗೆ ಒಂದು ಕಥೆ ಹೇಳುತ್ತೇನೆ. ಕಥೆಯಲ್ಲ, ನಡೆದದ್ದು.

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಸರಕಾರಿ ನೌಕರರ ಆರೋಗ್ಯ ವಿಮೆ ನೋಡಿಕೊಳ್ಳುವ ಒಂದು ಸಂಸ್ಥೆ ಇತ್ತು. 1990ರ ದಶಕದ ನಡುವಿನಲ್ಲಿ ಅದು ನೌಕರರ ಆಸ್ಪತ್ರೆ ಮಾಹಿತಿಯನ್ನು ಸಂಶೋಧಕರಿಗೆ ಕೊಟ್ಟಿತು. ನೀವು ಹೇಳಿದ ಹಾಗೇ ಹೆಸರು, ವಿಳಾಸ ಎಲ್ಲ ತೆಗೆದೇ ಕೊಟ್ಟಿತ್ತು. ಗವರ್ನರ್ ವಿಲಿಯಂ ವೆಲ್ಡ್ ಕೂಡ ಜನರಿಗೆ ಭರವಸೆ ಕೊಟ್ಟಿದ್ದರು, ನಿಮ್ಮ ಗುಟ್ಟು ಭದ್ರ ಅಂತ. ಆಗ ಅಲ್ಲಿನ ಎಂಐಟಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಲತಾನ್ಯಾ ಸ್ವೀನಿ ಎಂಬ ವಿದ್ಯಾರ್ಥಿನಿ ಏನು ಮಾಡಿದರು ಗೊತ್ತೇ? ಗವರ್ನರ್ ಇದ್ದ ಕೇಂಬ್ರಿಡ್ಜ್ ಊರಿನ ಮತದಾರರ ಪಟ್ಟಿಯನ್ನು 20 ಡಾಲರ್ ಕೊಟ್ಟು ಕೊಂಡರು. ಅದರಲ್ಲಿ ಹೆಸರು ಇತ್ತು, ಹುಟ್ಟಿದ ತಾರೀಖು ಇತ್ತು, ಅಂಚೆ ಸಂಖ್ಯೆ ಇತ್ತು. ಆಸ್ಪತ್ರೆ ಪಟ್ಟಿಯಲ್ಲಿ ಹೆಸರು ಇರಲಿಲ್ಲ, ಆದರೆ ಹುಟ್ಟಿದ ತಾರೀಖು, ಲಿಂಗ, ಅಂಚೆ ಸಂಖ್ಯೆ ಇದ್ದವು. ಎರಡನ್ನೂ ಅಕ್ಕಪಕ್ಕ ಇಟ್ಟರು. ಆ ಊರಿನಲ್ಲಿ ಗವರ್ನರ್ ಹುಟ್ಟಿದ ದಿನವೇ ಹುಟ್ಟಿದವರು ಆರು ಜನ. ಅವರಲ್ಲಿ ಗಂಡಸರು ಮೂರು. ಆ ಅಂಚೆ ಸಂಖ್ಯೆಯಲ್ಲಿದ್ದವರು ಒಬ್ಬರೇ. ಗವರ್ನರ್ ಸಾಹೇಬರ ಆಸ್ಪತ್ರೆ ದಾಖಲೆ ಸಿಕ್ಕಿಬಿಟ್ಟಿತು.

ಆಮೇಲೆ ಕೆಲವರು ತಕರಾರು ತೆಗೆದರು. ವೆಲ್ಡ್ ದೊಡ್ಡ ಮನುಷ್ಯ, 1996ರಲ್ಲಿ ಒಂದು ಸಮಾರಂಭದಲ್ಲಿ ಕುಸಿದು ಬಿದ್ದಿದ್ದು ಪೇಪರಿನಲ್ಲೂ ಬಂದಿತ್ತು, ಹಾಗಾಗಿ ಹುಡುಕುವುದು ಸುಲಭವಾಯಿತು ಅಂತ. ಆ ಮಾತಿನಲ್ಲೂ ಹುರುಳಿದೆ. ಆದರೆ ಸ್ವೀನಿ ಅಷ್ಟಕ್ಕೇ ನಿಲ್ಲಿಸಲಿಲ್ಲ. ಅಮೆರಿಕದ 1990ರ ಜನಗಣತಿ ಇಟ್ಟುಕೊಂಡು ಲೆಕ್ಕ ಹಾಕಿದರು. ಹುಟ್ಟಿದ ತಾರೀಖು, ಲಿಂಗ, ಅಂಚೆ ಸಂಖ್ಯೆ, ಈ ಮೂರೇ ಸಾಕು, ಅಲ್ಲಿನ ಶೇ. 87ರಷ್ಟು ಜನರನ್ನು ಒಬ್ಬೊಬ್ಬರಾಗಿ ಬೇರೆ ಮಾಡಬಹುದು ಅನ್ನುವುದು ಅವರ ಅಂದಾಜು.

ನಮ್ಮ ಮತದಾರರ ಪಟ್ಟಿಯಲ್ಲಿ ಹುಟ್ಟಿದ ತಾರೀಖು ಇಲ್ಲ, ವಯಸ್ಸಿದೆ. ಸ್ವಲ್ಪ ಸಮಾಧಾನ. ಆದರೆ ಅದೇ ಪಟ್ಟಿಯಲ್ಲಿ ತಂದೆ ಅಥವಾ ಗಂಡನ ಹೆಸರಿದೆ, ಮನೆ ನಂಬರ್ ಇದೆ, ಬೂತ್ ಪ್ರಕಾರ ಯಾರು ಬೇಕಾದರೂ ಡೌನ್‌ಲೋಡ್ ಮಾಡಿಕೊಳ್ಳಬಹುದು. ಇನ್ನು ನಮ್ಮ ಹಳ್ಳಿಗಳಲ್ಲಂತೂ ಪಟ್ಟಿ ಯಾಕೆ ಬೇಕು ಹೇಳಿ? ಒಂದು ವರದಿಯಲ್ಲಿ ‘ಇಂಥ ತಾಲ್ಲೂಕು, 29 ವರ್ಷದ ಮಹಿಳೆ, ಒಂದೇ ಹೆರಿಗೆಯಲ್ಲಿ ಮೂರು ಮಕ್ಕಳು, ಆಮೇಲೆ ಖಿನ್ನತೆ’ ಅಂತ ಬರೆದರೆ ಆ ತಾಲ್ಲೂಕಿನ ಯಾವ ಬಸ್‌ಸ್ಟ್ಯಾಂಡಿನಲ್ಲಿ ಬೇಕಾದರೂ ನಿಂತು ಕೇಳಿ, ಮನೆಗೆ ದಾರಿ ತೋರಿಸುತ್ತಾರೆ. ಹೆಸರು ಎಲ್ಲಿ ಬರೆದಿದ್ದೆವು? ಎಲ್ಲೂ ಇಲ್ಲ.

ಸರಕಾರಗಳೇ ಎಡವಿವೆ. ಆಸ್ಟ್ರೇಲಿಯಾ 2016ರ ಆಗಸ್ಟ್‌ನಲ್ಲಿ ಸುಮಾರು 29 ಲಕ್ಷ ಜನರ ವೈದ್ಯಕೀಯ ಬಿಲ್ಲಿನ ಮಾಹಿತಿಯನ್ನು, ಗುರುತು ಅಳಿಸಿದ್ದೇವೆ ಅಂತ ಹೇಳಿ ಅಂತರ್ಜಾಲದಲ್ಲಿ ಹಾಕಿತು. ಮೆಲ್ಬರ್ನ್ ವಿಶ್ವವಿದ್ಯಾಲಯದ ಸಂಶೋಧಕರು ಅದರ ಬೀಗ ಸಡಿಲ ಇದೆ ಅಂತ ತೋರಿಸಿದ ಮೇಲೆ, ಮುಂದಿನ ತಿಂಗಳೇ ಕೆಳಗಿಳಿಸಿತು. ಅಷ್ಟರಲ್ಲಿ ಎಷ್ಟು ಜನ ಇಳಿಸಿಕೊಂಡಿದ್ದರೋ.

ಹಾಗಾದರೆ ಎಲ್ಲವನ್ನೂ ಅಳಿಸಿಬಿಡೋಣವೇ? ಅದೂ ಆಗಲ್ಲ. ಡೆಂಗಿ ಬಂದಾಗ ಯಾವ ವಾರ, ಯಾವ ವಾರ್ಡ್ ಅನ್ನುವುದನ್ನು ಅಳಿಸಿಬಿಟ್ಟರೆ ಯಾವ ಸಂಪಿನಲ್ಲಿ ಸೊಳ್ಳೆ ಇದೆ ಅಂತ ಹುಡುಕುವುದು ಹೇಗೆ? ಮಸುಕು ಮಾಡಿದಷ್ಟೂ ಗುಟ್ಟು ಭದ್ರ, ಆದರೆ ಉಪಯೋಗ ಕಮ್ಮಿ. ಇದಕ್ಕೆ ಪೂರ್ತಿ ಪರಿಹಾರ ಇಲ್ಲ, ತೂಗಿಸಿಕೊಂಡು ಹೋಗಬೇಕು. ಚೆನ್ನಾಗಿ ತೂಗಿಸಿದವರೂ ಇದ್ದಾರೆ. ಬಾಸ್ಟನ್‌ನ ಒಂದು ಆಸ್ಪತ್ರೆಯ ಐಸಿಯು ದಾಖಲೆಗಳನ್ನು ಎಂಐಟಿಯವರು ‘ಮಿಮಿಕ್’ ಅನ್ನುವ ಹೆಸರಿನಲ್ಲಿ ಸಂಶೋಧಕರಿಗೆ ಕೊಡುತ್ತಾರೆ. ಅದರ ಮೂರನೇ ಆವೃತ್ತಿಯಲ್ಲಿ ರೋಗಿಗಳೆಲ್ಲ 2100ನೇ ಇಸವಿಯ ನಂತರ ಅಡ್ಮಿಟ್ ಆಗಿದ್ದಾರೆ! ಒಬ್ಬೊಬ್ಬರ ತಾರೀಖನ್ನೂ ಬೇರೆ ಬೇರೆ ಅಳತೆಯಲ್ಲಿ ಮುಂದಕ್ಕೆ ತಳ್ಳಿದ್ದಾರೆ. ಯಾವತ್ತು ಸೇರಿದರು ಅಂತ ಗೊತ್ತಾಗಲ್ಲ, ಸೇರಿದ ಎಷ್ಟನೇ ದಿನ ಜ್ವರ ಬಂತು ಅನ್ನುವುದು ಮಾತ್ರ ಸರಿಯಾಗಿ ಉಳಿಯುತ್ತದೆ. 89 ದಾಟಿದವರು ಕಮ್ಮಿ ಇರುವುದರಿಂದ ಸುಲಭವಾಗಿ ಗುರುತು ಸಿಗುತ್ತಾರಲ್ವಾ, ಅವರಿಗೆಲ್ಲ 300 ವರ್ಷ ಬರುವ ಹಾಗೆ ಮಾಡಿದ್ದಾರೆ. ಇಷ್ಟೆಲ್ಲ ಆದ ಮೇಲೂ ಯಾರಿಗೆ ಬೇಕೋ ಅವರಿಗೆ ಕೊಡಲ್ಲ. ಒಂದು ತರಬೇತಿ ಮುಗಿಸಬೇಕು, ಯಾರನ್ನೂ ಗುರುತು ಹಿಡಿಯಲು ಯತ್ನಿಸುವುದಿಲ್ಲ ಅಂತ ಕರಾರಿಗೆ ಸಹಿ ಹಾಕಬೇಕು.

ಬ್ಯಾಂಕಿನವರಿಗೆ ಇದು ಬೇಗ ಅರ್ಥವಾಗಬೇಕು ಸಾರ್. ಲಾಕರ್‌ಗೆ ಬೀಗ ಇದ್ದರೆ ಸಾಲದು, ಯಾರು ಯಾವಾಗ ಒಳಗೆ ಹೋದರು ಅಂತ ರಿಜಿಸ್ಟರ್ ಬೇಕು. ನಮ್ಮ ಆಸ್ಪತ್ರೆಗಳಲ್ಲಿ ಬೀಗದ ಬಗ್ಗೆ ಬೇಕಾದಷ್ಟು ಮಾತಾಡುತ್ತಾರೆ. ರಿಜಿಸ್ಟರ್ ತೋರಿಸಿ ಅಂದರೆ ಮುಖ ಮುಖ ನೋಡುತ್ತಾರೆ.

ಪ್ರಶ್ನೆ: ರೋಗ ನಮ್ದು, ನೋವು ನಮ್ದು, ಬಿಲ್ಲೂ ನಮ್ದು. ಪೇಪರ್ ಅವರದು, ಪ್ರಮೋಷನ್ ಅವರದು, ಕಂಪನಿಗೆ ಲಾಭ. ನಾವ್ಯಾಕ ಕೊಡಬೇಕ್ರಿ? (ಹುಬ್ಬಳ್ಳಿಯ ಓದುಗರು)

ಉತ್ತರ: ನಿಮ್ಮ ಸಿಟ್ಟಿನಲ್ಲಿ ಅರ್ಧ ನನಗೂ ಇದೆ. ಉಳಿದ ಅರ್ಧದ ಬಗ್ಗೆ ಮಾತಾಡೋಣ.

ಇಪ್ಪತ್ತೈದು ವರ್ಷದ ಹಿಂದೆ ಮಂಡಿನೋವಿಗೆ ರೊಫೆಕಾಕ್ಸಿಬ್ ಅನ್ನುವ ಮಾತ್ರೆ ಬಂದಿತ್ತು. ಹೊಟ್ಟೆ ಉರಿ ಇಲ್ಲ, ನೋವು ಮಾಯ. ನಾನೂ ಧಾರಾಳವಾಗಿ ಬರೆದಿದ್ದೇನೆ. ಅಮೆರಿಕದಲ್ಲಿ ಅದರ ಹೆಸರು ವಯಾಕ್ಸ್. ಅದರಿಂದ ಹೃದಯಾಘಾತ ಹೆಚ್ಚುತ್ತದೆ ಅಂತ ಗೊತ್ತಾಗಿ 2004ರ ಸೆಪ್ಟೆಂಬರ್ 30ರಂದು ಕಂಪನಿ ಅದನ್ನು ವಾಪಸ್ ಪಡೆಯಿತು. ಕ್ಯಾಲಿಫೋರ್ನಿಯಾದ ಕೈಸರ್ ಪರ್ಮನೆಂಟೆ ಅನ್ನುವ ಆಸ್ಪತ್ರೆ ಸಂಸ್ಥೆಯ ಸುಮಾರು 14 ಲಕ್ಷ ಜನರ ದಾಖಲೆ ಇಟ್ಟುಕೊಂಡು ಅಲ್ಲಿನ ಔಷಧ ಇಲಾಖೆಯ ಡೇವಿಡ್ ಗ್ರಹಾಂ ಮತ್ತು ಜೊತೆಗಾರರು ಮಾಡಿದ ಲೆಕ್ಕವೂ ಅದನ್ನೇ ಹೇಳಿತು. ಒಬ್ಬ ಡಾಕ್ಟರ್ ತನ್ನ ಕ್ಲಿನಿಕ್ಕಿನಲ್ಲಿ ಕೂತು ಇದನ್ನು ಯಾವತ್ತೂ ಕಂಡುಹಿಡಿಯಲು ಆಗುತ್ತಿರಲಿಲ್ಲ. ನನ್ನ ಹತ್ತಿರ ಆ ಮಾತ್ರೆ ತೆಗೆದುಕೊಂಡ ಅರವತ್ತು ವರ್ಷದವರೊಬ್ಬರಿಗೆ ಹೃದಯಾಘಾತ ಆದರೆ ನಾನು ವಯಸ್ಸು ಅನ್ನುತ್ತಿದ್ದೆ, ಬೀಡಿ ಅನ್ನುತ್ತಿದ್ದೆ. ಲಕ್ಷಗಟ್ಟಲೆ ಜನರನ್ನು ಒಟ್ಟಿಗೆ ನೋಡಿದಾಗಲೇ ಅದು ಕಾಣುವುದು.

ಮಕ್ಕಳಿಗೆ ಕೊಡುವ ಎಂಎಂಆರ್ ಲಸಿಕೆಯಿಂದ ಆಟಿಸಂ ಬರುತ್ತದೆ ಅಂತ ಒಂದು ಹುಯಿಲು ಎದ್ದಿತ್ತಲ್ವಾ. 2002ರಲ್ಲಿ ಡೆನ್ಮಾರ್ಕ್‌ನ 5 ಲಕ್ಷ 37 ಸಾವಿರ ಮಕ್ಕಳ ದಾಖಲೆ ನೋಡಿ, ಅಂಥ ಸಂಬಂಧ ಇಲ್ಲ ಅಂತ ತೋರಿಸಿದರು. ದೂರ ಯಾಕೆ, ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದಲ್ಲಿ ಶುರುವಿನಲ್ಲೇ ಇದ್ದ ಊರುಗಳು ಮುಂಬಯಿ, ಚೆನ್ನೈ ಮತ್ತು ನಮ್ಮ ಬೆಂಗಳೂರು. 1982ರಿಂದ ಕಿದ್ವಾಯಿ ಆಸ್ಪತ್ರೆಯವರು ಊರಿನ ಆಸ್ಪತ್ರೆ, ಲ್ಯಾಬ್ ಸುತ್ತಿ ಲೆಕ್ಕ ಬರೆದುಕೊಂಡು ಬಂದಿದ್ದಾರೆ. ಬೆಂಗಳೂರಿನಲ್ಲಿ ಯಾವ ಕ್ಯಾನ್ಸರ್ ಜಾಸ್ತಿ ಆಗುತ್ತಿದೆ, ಯಾವುದು ಇಳಿಯುತ್ತಿದೆ ಅಂತ ನಾವು ಹೇಳುವುದು ಆ ಪುಸ್ತಕ ನೋಡಿಯೇ. ಅದರಲ್ಲಿರುವ ಒಂದೊಂದು ಸಾಲೂ ಯಾರದೋ ಮನೆಯ ದುಃಖ.

ಇನ್ನು ನಿಮ್ಮ ಸಿಟ್ಟಿನ ಕಡೆ ಬರುತ್ತೇನೆ. ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆ ಸುಮಾರು 16 ಲಕ್ಷ ರೋಗಿಗಳ ಮಾಹಿತಿಯನ್ನು ಗೂಗಲ್ ಒಡೆತನದ ಡೀಪ್‌ಮೈಂಡ್ ಕಂಪನಿಗೆ ಕೊಟ್ಟಿತ್ತು. ಕಿಡ್ನಿ ಏಕಾಏಕಿ ಕೈಕೊಡುವುದನ್ನು ಬೇಗ ಪತ್ತೆ ಮಾಡುವ ಆ್ಯಪ್ ಪರೀಕ್ಷೆ ಮಾಡಲು. ಉದ್ದೇಶ ಒಳ್ಳೆಯದೇ. ಆದರೆ ಕೈ ಮುರಿದು ಬಂದವರ ಮಾಹಿತಿಯೂ ಹೋಯಿತು, ಅವರಿಗೆ ಯಾರೂ ಹೇಳಲಿಲ್ಲ. 2017ರ ಜುಲೈನಲ್ಲಿ ಅಲ್ಲಿನ ಮಾಹಿತಿ ಆಯುಕ್ತರು ಆಸ್ಪತ್ರೆ ಕಾನೂನು ಪಾಲಿಸಿಲ್ಲ ಅಂತ ತೀರ್ಮಾನ ಕೊಟ್ಟರು. ಒಳ್ಳೆಯ ಕೆಲಸಕ್ಕೆ ಅಂತ ಹೇಳಿ ಪಕ್ಕದ ಮನೆಯ ಕೊಡಲಿ ಕೇಳದೆ ಒಯ್ದರೆ ಅದು ಒಳ್ಳೆಯ ಕೆಲಸ ಆಗಲ್ಲ ನೋಡ್ರಿ. ಕೇಳಿ ಒಯ್ಯಬೇಕು. ವಾಪಸ್ ತಂದುಕೊಡುವಾಗ ಏನು ಕಡಿದೆ ಅಂತ ಹೇಳಬೇಕು. ನಮ್ಮ ಸಂಶೋಧಕರು ಈ ಎರಡನೆಯದನ್ನು ಮಾಡುವುದೇ ಇಲ್ಲ. ರೋಗಿಯ ಮಾಹಿತಿ ಪಡೆದು ಪೇಪರ್ ಬರೆದವರು ಆ ವಾರ್ಡಿನ ಗೋಡೆಗೆ ಕನ್ನಡದಲ್ಲಿ ಒಂದು ಹಾಳೆ ಅಂಟಿಸಿ, ‘ನಿಮ್ಮ ಮಾಹಿತಿಯಿಂದ ಇದು ತಿಳಿಯಿತು’ ಅಂತ ಬರೆದದ್ದನ್ನು ನಾನು ಮೂವತ್ತು ವರ್ಷದಲ್ಲಿ ಒಂದೇ ಒಂದು ಸಲವೂ ನೋಡಿಲ್ಲ. ಬರೆದ ನಾನೂ ಅಂಟಿಸಿಲ್ಲ.

ಪ್ರಶ್ನೆ: ಆಸ್ಪತ್ರೆ ಕೌಂಟರ್‌ನಲ್ಲಿ ಆಭಾ ನಂಬರ್ ಕೇಳುತ್ತಾರೆ. ಮಾಡಿಸಿಕೊಂಡರೆ ನಮ್ಮ ಕಾಯಿಲೆ ಎಲ್ಲ ಸರಕಾರಕ್ಕೆ ಹೋಗುತ್ತಾ? ರಿಸರ್ಚ್‌ನವರಿಗೂ ಸಿಗುತ್ತಾ? (ಶಿವಮೊಗ್ಗ)

ಉತ್ತರ: ಮೊದಲು ಒಂದು ಗೊಂದಲ ಬಿಡಿಸುತ್ತೇನೆ. ಆಭಾ ಬೇರೆ, ಐದು ಲಕ್ಷದ ಚಿಕಿತ್ಸೆ ಕೊಡುವ ಆಯುಷ್ಮಾನ್ ಕಾರ್ಡ್ ಬೇರೆ. ಎರಡರ ಪೂರ್ತಿ ಹೆಸರಲ್ಲೂ ‘ಆಯುಷ್ಮಾನ್’ ಇರುವುದರಿಂದ ಕೌಂಟರಿನವರೂ ಕಲಸಿ ಹೇಳುತ್ತಾರೆ. ಆಭಾ ಅಂದರೆ 14 ಅಂಕಿಯ ಒಂದು ನಂಬರ್, ನಿಮ್ಮ ಆರೋಗ್ಯ ದಾಖಲೆಗಳಿಗೆ ದಾರ ಪೋಣಿಸಲು. 2021ರ ಸೆಪ್ಟೆಂಬರ್‌ನಲ್ಲಿ ದೇಶಕ್ಕೆಲ್ಲ ಶುರುವಾದ ಡಿಜಿಟಲ್ ಮಿಷನ್‌ನ ಭಾಗ. ಇದು ಕಡ್ಡಾಯ ಅಲ್ಲ. ದಾಖಲೆಗಳು ಆಯಾ ಆಸ್ಪತ್ರೆ, ಲ್ಯಾಬ್‌ನಲ್ಲೇ ಇರುತ್ತವೆ. ಇನ್ನೊಂದು ಆಸ್ಪತ್ರೆ ನೋಡಬೇಕಾದರೆ ನಿಮ್ಮ ಮೊಬೈಲಿಗೆ ಕೋರಿಕೆ ಬರಬೇಕು, ಯಾಕೆ, ಎಷ್ಟು ದಿನಕ್ಕೆ ಅಂತ ಇರಬೇಕು, ನೀವು ಒಪ್ಪಬೇಕು, ಒಪ್ಪಿದ ಮೇಲೂ ವಾಪಸ್ ಪಡೆಯಬಹುದು. ಕಾಗದದ ಮೇಲೆ ವ್ಯವಸ್ಥೆ ಚೆನ್ನಾಗಿದೆ. ಆದರೆ ಓಪಿಡಿ ಚೀಟಿಗೆ ಉದ್ದ ಕ್ಯೂ ಇರುವಾಗ ಹಿಂದಿನವರು ‘ಬೇಗ ಬೇಗ’ ಅನ್ನುತ್ತಿರುವಾಗ ಬಂದ ಓಟಿಪಿ ಹೇಳಿಬಿಡುತ್ತೇವೆ. ಅದು ಒಪ್ಪಿಗೆಯೇ? ನನಗಂತೂ ಅನುಮಾನ.

ಸಂಶೋಧನೆ ವಿಷಯ: ಈ ಮಿಷನ್‌ನ ಮಾಹಿತಿ ನೀತಿಯಲ್ಲಿ ಗುರುತು ತೆಗೆದು, ಒಟ್ಟುಗೂಡಿಸಿದ ಲೆಕ್ಕವನ್ನು ಸಂಶೋಧನೆಗೆ ಕೊಡಬಹುದು ಅಂತ ಅವಕಾಶ ಇದೆ. ಗುರುತು ತೆಗೆಯುವುದು ಎಷ್ಟು ಕಷ್ಟ ಅಂತ ತುಮಕೂರಿನವರಿಗೆ ಮೇಲೆ ಹೇಳಿದ್ದೇನೆ.

ಕಾನೂನಿನ ಮಾತು ಬಂತು ಅಂತ ಹೇಳುತ್ತೇನೆ, ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದರಲ್ಲ, ಆ ಕೇಸ್ ಹಾಕಿದವರು ನಮ್ಮವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಆಧಾರ್ ವಿರುದ್ಧ ಅರ್ಜಿ ಹಾಕಿದಾಗ ಅವರಿಗೆ 80 ದಾಟಿತ್ತು. ಆಮೇಲೆ 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಗೆ ಕಾಯ್ದೆ ಬಂತು, 2025ರ ನವೆಂಬರ್‌ನಲ್ಲಿ ನಿಯಮಗಳು ಬಂದವು, ಹಂತ ಹಂತವಾಗಿ ಜಾರಿ. ಮಾಹಿತಿ ಭದ್ರವಾಗಿ ಇಡದವರಿಗೆ 250 ಕೋಟಿ ರೂಪಾಯಿವರೆಗೆ ದಂಡ ಇದೆ. ನನಗೆ ಬೇಸರ ಆಗಿದ್ದು ಎರಡು ವಿಷಯಕ್ಕೆ. 2019ರ ಮಸೂದೆಯಲ್ಲಿ ಆರೋಗ್ಯ ಮಾಹಿತಿಗೆ ‘ಸೂಕ್ಷ್ಮ’ ಅಂತ ಪ್ರತ್ಯೇಕ ಸ್ಥಾನ ಇತ್ತು, ಹೊಸ ಕಾಯ್ದೆಯಲ್ಲಿ ಅದನ್ನು ಕೈಬಿಟ್ಟರು. ನಿಮ್ಮ ಪಿಜ್ಜಾ ಆರ್ಡರ್ರೂ ನಿಮ್ಮ ಬಯಾಪ್ಸಿಯೂ ಒಂದೇ ಸಾಲಿನಲ್ಲಿ ನಿಂತಿವೆ. ಎರಡನೆಯದು, ಸಂಶೋಧನೆಗೆ ವಿನಾಯಿತಿ ಇದೆ. ಒಬ್ಬ ವ್ಯಕ್ತಿಯ ಬಗ್ಗೆ ತೀರ್ಮಾನ ತೆಗೆದುಕೊಳ್ಳಲು ಬಳಸಬಾರದು, ಹೇಳಿದ ಮಾನದಂಡ ಪಾಲಿಸಬೇಕು ಅಂತ ಷರತ್ತು ಹಾಕಿದ್ದಾರೆ. ವಿನಾಯಿತಿ ಬೇಕು, ಇಲ್ಲದಿದ್ದರೆ ಕ್ಯಾನ್ಸರ್ ಲೆಕ್ಕವೂ ನಿಂತುಹೋಗುತ್ತದೆ. ಆದರೆ ಸಂಶೋಧನೆ ಅಂದರೆ ಏನು ಅಂತ ಯಾರು ಹೇಳಬೇಕು? ವಿಮಾ ಕಂಪನಿ ‘ನಾವೂ ಸಂಶೋಧನೆ ಮಾಡ್ತೀವಿ’ ಅಂದರೆ?

ಪ್ರಶ್ನೆ: ನನ್ನದೇ ದಾಖಲೆ ನನಗೇ ಕೊಡಲು ಆಸ್ಪತ್ರೆಯವರು ಸತಾಯಿಸುತ್ತಿದ್ದಾರೆ. (ಮೈಸೂರು)

ಉತ್ತರ: ಬರವಣಿಗೆಯಲ್ಲಿ ಕೇಳಿ, ಸ್ವೀಕೃತಿ ಪಡೆಯಿರಿ. ವೈದ್ಯರ ನಡತೆಯ 2002ರ ನಿಯಮದ ಪ್ರಕಾರ, ಕೇಳಿದ 72 ಗಂಟೆಯೊಳಗೆ ಕೊಡಬೇಕು. ಒಳರೋಗಿಯ ದಾಖಲೆಯನ್ನು ಮೂರು ವರ್ಷ ಇಟ್ಟಿರಬೇಕು. ಆ ನಿಯಮದ ಹೆಸರು ಹೇಳಿದ ತಕ್ಷಣ ಎಷ್ಟೋ ಕೌಂಟರ್‌ಗಳಲ್ಲಿ ಫೈಲು ಸಿಗುತ್ತದೆ.

ಪ್ರಶ್ನೆ: ನಾನು ಪಿಜಿ ವಿದ್ಯಾರ್ಥಿ. ಥೀಸಿಸ್‌ಗೆ ಐದು ವರ್ಷದ ಹಳೇ ರೆಕಾರ್ಡ್ ನೋಡಬೇಕು, 1,800 ರೋಗಿಗಳು. ಎಥಿಕ್ಸ್ ಕಮಿಟಿಯವರು ‘ಒಪ್ಪಿಗೆ ಯಾಕೆ ಪಡೆಯುತ್ತಿಲ್ಲ, ಡೇಟಾ ಎಲ್ಲಿ ಇಡುತ್ತೀರಿ’ ಅಂತ ಬರೆದು ವಾಪಸ್ ಕಳಿಸಿದ್ದಾರೆ. ನಾನು ಯಾರಿಗೂ ಇಂಜೆಕ್ಷನ್ ಕೊಡುತ್ತಿಲ್ಲ ಸಾರ್, ಬರೀ ಕಂಪ್ಯೂಟರ್ ನೋಡುತ್ತೇನೆ. ಯಾಕಿಷ್ಟು ರಗಳೆ? (ಕಲಬುರಗಿ)

ಉತ್ತರ: ರಗಳೆ ಯಾಕೆ ಅಂತ ನನ್ನ ಅನುಭವದಿಂದಲೇ ಹೇಳುತ್ತೇನೆ, ನಾಚಿಕೆ ಬಿಟ್ಟು.

ನಾನು ಪಿಜಿ ಮಾಡುವಾಗ ಕಂಪ್ಯೂಟರ್ ಇರಲಿಲ್ಲ. ರೆಕಾರ್ಡ್ ರೂಮಿನ ಗುಮಾಸ್ತರಿಗೆ ಟೀ ಕುಡಿಸಿ ಕೇಸ್ ಶೀಟಿನ ಬಂಡಲ್‌ಗಳನ್ನೇ ಹಾಸ್ಟೆಲಿಗೆ ಹೊತ್ತು ತಂದಿದ್ದೆ. ಮೇಜು, ಮಂಚದ ಕೆಳಗೆ, ಕಿಟಕಿ ಮೇಲೆಲ್ಲ ಕ್ಷಯರೋಗಿಗಳು. ಒಂದು ಭಾನುವಾರ ರೂಂಮೇಟಿನ ಮಾವ ಊರಿಂದ ಬಂದಿದ್ದರು. ನಾನು ಕಾಫಿ ತರಲು ಹೋಗಿ ಬರುವಷ್ಟರಲ್ಲಿ ಒಂದು ಹಾಳೆ ಕೈಯಲ್ಲಿ ಹಿಡಿದು ಕೂತಿದ್ದರು. ‘ಇದು ನಮ್ಮೂರಿನ ಹುಡುಗಿ ಅಲ್ವೇನಪ್ಪ? ಇವಳಿಗೆ ಟಿಬಿನಾ? ನಮ್ಮ ಹುಡುಗನಿಗೆ ಕೇಳಿದ್ರು ಇವಳನ್ನ’ ಅಂದರು. ಆ ಹುಡುಗಿ ಪೂರ್ತಿ ಗುಣವಾಗಿ ಮನೆಗೆ ಹೋಗಿ ಎರಡು ವರ್ಷ ಆಗಿತ್ತು. ಮಾವನಿಗೆ ಅದನ್ನೆಲ್ಲ ಬಿಡಿಸಿ ಹೇಳಿದೆ, ಕೈ ಮುಗಿದೆ, ಯಾರಿಗೂ ಹೇಳಬೇಡಿ ಅಂದೆ. ಆ ಮದುವೆ ಆಗಲಿಲ್ಲ ಅಂತ ಆಮೇಲೆ ಗೊತ್ತಾಯಿತು. ನಾನೂ ಯಾರಿಗೂ ಇಂಜೆಕ್ಷನ್ ಕೊಟ್ಟಿರಲಿಲ್ಲ.

ಈಗ ನಿಮ್ಮ ವಿಷಯ. 1,800 ಜನರನ್ನು ಹುಡುಕಿ ಒಪ್ಪಿಗೆ ಪಡೆಯುವುದು ಆಗದ ಮಾತು, ಕೆಲವರು ತೀರಿಕೊಂಡಿರುತ್ತಾರೆ, ನಂಬರ್ ಬದಲಾಗಿರುತ್ತದೆ. ಇದಕ್ಕೆಂದೇ ಐಸಿಎಂಆರ್ ಮಾರ್ಗಸೂಚಿಯಲ್ಲಿ ಒಪ್ಪಿಗೆಗೆ ವಿನಾಯಿತಿ ಇದೆ. ರೋಗಿಗೆ ಅಪಾಯ ತೀರಾ ಕಮ್ಮಿ ಇರಬೇಕು, ಗುರುತು ತೆಗೆದಿರಬೇಕು ಅಥವಾ ಸಂಪರ್ಕಿಸಲು ಸಾಧ್ಯ ಇರಬಾರದು. ಆ ವಿನಾಯಿತಿಯನ್ನು ಕೊಡುವವರು ಕಮಿಟಿಯವರು. ನೀವೇ ಕೊಟ್ಟುಕೊಳ್ಳುವಂತಿಲ್ಲ, ನಿಮ್ಮ ಗೈಡ್ ಕೂಡ ಕೊಡುವಂತಿಲ್ಲ. ಅರ್ಜಿಯಲ್ಲಿ ಅದನ್ನು ಬಿಡಿಸಿ ಬರೆಯಿರಿ, ಸಿಗುತ್ತದೆ.

ಡೇಟಾ ಎಲ್ಲಿ ಇಡುತ್ತೀರಿ ಅನ್ನುವುದಕ್ಕೆ ಪ್ರಾಮಾಣಿಕವಾಗಿ ಉತ್ತರ ಬರೆದರೆ ಮುಕ್ಕಾಲು ಪಾಲು ಪಿಜಿಗಳು ‘ಪೆನ್‌ಡ್ರೈವ್‌ನಲ್ಲಿ, ಮತ್ತೆ ನನ್ನ ಜಿಮೇಲ್‌ನಲ್ಲಿ’ ಅಂತ ಬರೆಯಬೇಕು. ಅದೇ ಎಕ್ಸೆಲ್ ಶೀಟು ಅಂಕಿಸಂಖ್ಯೆ ಮಾಡಿಕೊಡುವವರಿಗೆ ಹೋಗುತ್ತದೆ, ಅಲ್ಲಿಂದ ಪ್ರಿಂಟಿನ ಅಂಗಡಿಗೆ. ಹಾಗೆ ಮಾಡಬೇಡಿ. ಎಕ್ಸೆಲ್‌ನಲ್ಲಿ ಹೆಸರಿನ ಕಾಲಂ ಇರಲೇಬಾರದು, ಆಸ್ಪತ್ರೆ ಒಳರೋಗಿಗೆ ಕೊಡುವ ಐಪಿ ನಂಬರೂ ಬೇಡ. ನಿಮ್ಮದೇ ಕ್ರಮಸಂಖ್ಯೆ ಕೊಡಿ, ಯಾವ ಕ್ರಮಸಂಖ್ಯೆ ಯಾವ ಐಪಿ ನಂಬರ್ ಅನ್ನುವ ಪಟ್ಟಿ ಬೇರೆ ಫೈಲಿನಲ್ಲಿ, ಆಸ್ಪತ್ರೆಯ ಕಂಪ್ಯೂಟರಿನಲ್ಲೇ, ಪಾಸ್‌ವರ್ಡ್ ಹಾಕಿ ಇರಲಿ. ಹುಟ್ಟಿದ ತಾರೀಖು ಬೇಡ, ವಯಸ್ಸು ಸಾಕು. ಥೀಸಿಸ್‌ಗೆ ಬೇಕಾದ ಕಾಲಂ ಮಾತ್ರ ತೆಗೆಯಿರಿ, ಮುಂದೆ ಯಾವಾಗಲಾದರೂ ಬೇಕಾಗಬಹುದು ಅಂತ ಎಲ್ಲವನ್ನೂ ಬಾಚಿಕೊಳ್ಳಬೇಡಿ. ಬರೆಯುವಾಗ ಟೇಬಲ್‌ನಲ್ಲಿ ಎಲ್ಲಾದರೂ ‘ಒಬ್ಬರು’, ‘ಇಬ್ಬರು’ ಅಂತ ಬಂದರೆ ಎರಡು ಸಲ ಯೋಚಿಸಿ, ಆ ಒಬ್ಬರು ಯಾರು ಅಂತ ನಿಮ್ಮ ಊರಿಗೆಲ್ಲ ಗೊತ್ತಿರಬಹುದು.

ಇನ್ನೊಂದು ಮಾತು. ಗುಟ್ಟು ಕಾಪಾಡುವುದು ಅಂದರೆ ಲೆಕ್ಕ ಮುಚ್ಚಿಡುವುದು ಅಂತ ಅಲ್ಲ. 2020ರ ಮೇ 22ರಂದು ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ, ಕೋವಿಡ್‌ಗೆ ಕೊಡುತ್ತಿದ್ದ ಹೈಡ್ರಾಕ್ಸಿಕ್ಲೋರೋಕ್ವಿನ್‌ನಿಂದ ಸಾವು ಹೆಚ್ಚುತ್ತದೆ ಅನ್ನುವ ಒಂದು ಪ್ರಬಂಧ ಬಂತು. ಸರ್ಜಿಸ್ಫಿಯರ್ ಅನ್ನುವ ಪುಟ್ಟ ಕಂಪನಿ 671 ಆಸ್ಪತ್ರೆಗಳ 96,032 ಕೋವಿಡ್ ರೋಗಿಗಳ ದಾಖಲೆ ತನ್ನಲ್ಲಿದೆ ಅಂದಿತ್ತು. ಅದನ್ನು ನಂಬಿ ವಿಶ್ವ ಆರೋಗ್ಯ ಸಂಸ್ಥೆ ಆ ಔಷಧದ ಪ್ರಯೋಗವನ್ನೇ ಕೆಲ ದಿನ ನಿಲ್ಲಿಸಿತು. ಆಸ್ಟ್ರೇಲಿಯಾದ ಸಾವಿನ ಸಂಖ್ಯೆ ಅಲ್ಲಿನ ಸರಕಾರಿ ಲೆಕ್ಕಕ್ಕಿಂತ ಜಾಸ್ತಿ ಇದೆಯಲ್ಲ ಅಂತ ಕೇಳುವವರು ಕೇಳಿದರು. ಮೂಲ ದಾಖಲೆ ತೋರಿಸಿ ಅಂದಾಗ ಕಂಪನಿ ಕೊಟ್ಟ ಕಾರಣ ಏನು ಹೇಳಿ? ಗೋಪ್ಯತೆ! ಜೂನ್ 4ಕ್ಕೆ ಪ್ರಬಂಧ ವಾಪಸ್. ಆದ್ದರಿಂದ ನಿಮ್ಮ ಕ್ರಮಸಂಖ್ಯೆಯ ಪಟ್ಟಿ ಹರಿದು ಎಸೆಯಬೇಡಿ. ಕಮಿಟಿಯವರು ‘ಈ 1,800 ಜನ ನಿಜವಾಗಿಯೂ ಇದ್ದಾರಾ’ ಅಂತ ಕೇಳಿದರೆ ತೋರಿಸಲು ಆಗಬೇಕು.

ಪ್ರಶ್ನೆ: ಹೆಸರು ಬೇಡ. ನಾನು ಆರು ವರ್ಷದಿಂದ ಮನೋವೈದ್ಯರ ಹತ್ತಿರ ಹೋಗುತ್ತಿದ್ದೇನೆ. ಈಗ ಅವರು ನಾನು ಹೇಳಿದ್ದನ್ನೆಲ್ಲ ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡುತ್ತಾರೆ. ಅಂದಿನಿಂದ ನಾನು ಅರ್ಧ ಮಾತ್ರ ಹೇಳುತ್ತಿದ್ದೇನೆ.

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ಸುಮ್ನೆ ಧೈರ್ಯ ಹೇಳುವುದಿಲ್ಲ. ಫಿನ್ಲೆಂಡಿನಲ್ಲಿ ವಸ್ತಾಮೋ ಅನ್ನುವ ಮನೋಚಿಕಿತ್ಸಾ ಸಂಸ್ಥೆಯ ದಾಖಲೆ ಕದ್ದವನೊಬ್ಬ 2020ರಲ್ಲಿ ರೋಗಿಗಳಿಗೇ ಇಮೇಲ್ ಕಳಿಸಿ ಹಣ ಕೇಳಿದ, ಕೊಡದಿದ್ದರೆ ನೀವು ಹೇಳಿಕೊಂಡದ್ದೆಲ್ಲ ಹಾಕಿಬಿಡುತ್ತೇನೆ ಅಂತ. ಸುಮಾರು 33 ಸಾವಿರ ಜನರ ದಾಖಲೆ. 2024ರಲ್ಲಿ ಅವನಿಗೆ ಆರು ವರ್ಷ ಮೂರು ತಿಂಗಳ ಜೈಲಾಯಿತು. ನಮ್ಮಲ್ಲೂ 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಸರ್ವರ್‌ಗಳ ಮೇಲೆ ದಾಳಿಯಾಗಿ, ದಿನಗಟ್ಟಲೆ ಕೈಬರಹದಲ್ಲಿ ಕೆಲಸ ನಡೆಸಬೇಕಾಯಿತು.

ಆದರೆ ನಿಮ್ಮ ಪರ ಕಾನೂನು ಗಟ್ಟಿಯಾಗಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಗೋಪ್ಯತೆ ನಿಮ್ಮ ಹಕ್ಕು, ಕಂಪ್ಯೂಟರಿನಲ್ಲಿರುವ ಮಾಹಿತಿಗೂ ಅದು ಅನ್ವಯ. ನಿಮ್ಮ ದಾಖಲೆ ನೋಡುವ ಹಕ್ಕೂ ಇದೆ. ಮುಂದಿನ ಭೇಟಿಯಲ್ಲಿ ನೇರವಾಗಿ ಮೂರು ಮಾತು ಕೇಳಿ: ಇದು ಎಲ್ಲಿ ಸೇವ್ ಆಗುತ್ತದೆ, ನಿಮ್ಮನ್ನು ಬಿಟ್ಟು ಯಾರು ತೆಗೆದು ನೋಡಬಹುದು, ಯಾವುದಾದರೂ ಸಂಶೋಧನೆಗೆ ಹೋಗುತ್ತದಾ. ‘ಈ ಒಂದು ವಿಷಯ ಟೈಪ್ ಮಾಡಬೇಡಿ ಡಾಕ್ಟ್ರೇ’ ಅಂತ ಹೇಳುವುದಕ್ಕೂ ಸಂಕೋಚ ಬೇಡ. ನನ್ನ ರೋಗಿಗಳು ಹೇಳಿದ್ದಾರೆ, ನಾನು ಪೆನ್ನು ಕೆಳಗಿಟ್ಟಿದ್ದೇನೆ. ಲ್ಯಾಪ್‌ಟಾಪ್ ಮುಚ್ಚುವುದೂ ಅಷ್ಟೇ ಸುಲಭ. ಅರ್ಧ ಹೇಳಿ ಬರಬೇಡಿ, ದಯವಿಟ್ಟು.

ಪ್ರಶ್ನೆ: ನಾನು ಇಂಗ್ಲೆಂಡಿನಲ್ಲಿರುವ ಕನ್ನಡತಿ. ಇಲ್ಲಿ ನಮ್ಮ ಮಾಹಿತಿ ಸಂಶೋಧನೆಗೆ ಹೋಗದ ಹಾಗೆ ಆಪ್ಟ್ ಔಟ್ ಮಾಡಬಹುದಂತೆ. ಮಾಡಲಾ?

ಉತ್ತರ: ನಿಮ್ಮಿಷ್ಟ. ಅಲ್ಲಿಯವರು ಪೆಟ್ಟು ತಿಂದು ಕಲಿತಿದ್ದಾರೆ. ಕೇರ್.ಡೇಟಾ ಅಂತ, ರೋಗಿಗಳ ದಾಖಲೆ ಒಂದೆಡೆ ಸೇರಿಸುವ ಒಂದು ಯೋಜನೆ ಮಾಡಿ 2014ರಲ್ಲಿ ಮನೆಮನೆಗೆ ಕರಪತ್ರ ಹಾಕಿದರು, ಜನ ಅದನ್ನು ಜಾಹೀರಾತು ಅಂತ ಎಸೆದರು, ಗಲಾಟೆಯಾಗಿ 2016ರಲ್ಲಿ ಯೋಜನೆಯೇ ರದ್ದು. 2021ರಲ್ಲಿ ಮತ್ತೆ ಅವಸರ ಮಾಡಿದರು, ಒಂದೇ ತಿಂಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಹೊರಬಂದರು. ಇದರ ಮಧ್ಯೆ ಓಪನ್‌ಸೇಫ್ಲಿ ಅನ್ನುವವರು ಬೇರೆ ದಾರಿ ಹಿಡಿದರು. ಕೋವಿಡ್ ಸಮಯದಲ್ಲಿ ಸುಮಾರು 1.7 ಕೋಟಿ ಜನರ ದಾಖಲೆ ಇಟ್ಟುಕೊಂಡು ಯಾರಿಗೆ ಅಪಾಯ ಜಾಸ್ತಿ ಅಂತ ಹೇಳಿದರು, ಆದರೆ ದಾಖಲೆ ಇದ್ದ ಜಾಗದಿಂದ ಕದಲಲಿಲ್ಲ. ಸಂಶೋಧಕರು ತಮ್ಮ ಪ್ರೋಗ್ರಾಮನ್ನು ಅಲ್ಲಿಗೆ ಕಳಿಸುತ್ತಾರೆ, ಉತ್ತರ ಮಾತ್ರ ಹೊರಗೆ ಬರುತ್ತದೆ, ಯಾರು ಏನು ಕೇಳಿದರು ಅಂತ ಎಲ್ಲರಿಗೂ ಕಾಣುವ ಹಾಗೆ ದಾಖಲಾಗುತ್ತದೆ. ಮೊತ್ತ ಕೇಳಿದವರಿಗೆ ಖಾತೆ ಪುಸ್ತಕವನ್ನೇ ಕೊಡಬೇಕಾಗಿಲ್ಲ, ಅಲ್ವಾ. ನಾನು ಅಲ್ಲಿದ್ದಿದ್ದರೆ ಒಳಗೇ ಇರುತ್ತಿದ್ದೆ.

ಪ್ರಶ್ನೆ: ನಾನು ಆಶಾ ಕಾರ್ಯಕರ್ತೆ. ಗರ್ಭಿಣಿಯರ ತಾಯಿ ಕಾರ್ಡ್ ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಿ ಅಂತ ಮೇಲಿನವರು ಹೇಳುತ್ತಾರೆ. ಗ್ರೂಪಿನಲ್ಲಿ 60 ಜನ ಇದ್ದಾರೆ, ಅರ್ಧ ಜನ ಯಾರು ಅಂತ ನನಗೇ ಗೊತ್ತಿಲ್ಲ. ಒಬ್ಬಾಕೆಯ ಕಾರ್ಡಿನಲ್ಲಿ ಬರೆದದ್ದು ಅವಳ ಅತ್ತೆಗೆ ಗೊತ್ತಾಗಿ ಜಗಳ ಆಯಿತು. ನಾನು ಏನು ಮಾಡಲಿ ಸಾರ್? (ರಾಯಚೂರು ಜಿಲ್ಲೆ)

ಉತ್ತರ: ಅಮ್ಮಾ, ಈ ತಿಂಗಳ ಪತ್ರಗಳಲ್ಲಿ ನಿಮ್ಮದೇ ನನಗೆ ಮುಖ್ಯ ಅನ್ನಿಸಿದ್ದು. ಎಷ್ಟೋ ದೊಡ್ಡ ದೊಡ್ಡ ಲೆಕ್ಕಗಳ ಮೊದಲ ಸಾಲು ಬರೆಯುವವರು ನೀವು.

ಕಾರ್ಡಿನ ಫೋಟೋ ಹಾಕುವುದು ನಿಲ್ಲಿಸಿ. ಎಷ್ಟು ಜನ, ಎಷ್ಟನೇ ತಿಂಗಳು, ಯಾರಿಗೆ ರಕ್ತ ಕಮ್ಮಿ ಅನ್ನುವುದೇ ಬೇಕಾದರೆ ಕಾರ್ಡಿನ ನಂಬರ್ ಮತ್ತು ಆ ಒಂದು ವಿವರ ಟೈಪ್ ಮಾಡಿ, ಗ್ರೂಪಿಗಲ್ಲ, ನಿಮ್ಮ ಎಎನ್‌ಎಂ ಸಿಸ್ಟರಿಗೆ ಮಾತ್ರ ಕಳಿಸಿ. ಹಳೇ ಫೋಟೋಗಳನ್ನು ನಿಮ್ಮ ಫೋನಿನ ಗ್ಯಾಲರಿಯಿಂದಲೂ ಅಳಿಸಿ, ಮಕ್ಕಳು ಆಟ ಆಡಲು ಫೋನ್ ತೆಗೆದುಕೊಳ್ಳುತ್ತಾರೆ. ಎಚ್‌ಐವಿ ವಿಷಯ ಇದ್ದರಂತೂ ಯಾವ ಕಾರಣಕ್ಕೂ ಗ್ರೂಪಿಗೆ ಹಾಕಬೇಡಿ. 2017ರ ಕಾಯ್ದೆ ಇದೆ, ಅವಳ ಲಿಖಿತ ಒಪ್ಪಿಗೆ ಇಲ್ಲದೆ ಅದನ್ನು ಹೇಳುವಂತಿಲ್ಲ.

ಮೇಲಿನವರು ಒಪ್ಪದಿದ್ದರೆ ‘ಫೋಟೋ ಹಾಕಲೇಬೇಕು ಅಂತ ಲಿಖಿತ ಆದೇಶ ಕೊಡಿ ಮೇಡಂ’ ಅಂತ ವಿನಯದಿಂದಲೇ ಕೇಳಿ. ಕೊಟ್ಟರೋ ಇಲ್ಲವೋ ಅಂತ ನನಗೊಂದು ಕಾರ್ಡ್ ಬರೆಯಿರಿ.